ಬ್ರಷ್ ಕಟ್ಟರ್‌ನ ಬ್ಲೇಡ್ ನಟ್ ಕಚ್ಚಿಕೊಂಡರೆ: ಶಾಫ್ಟ್ ಉಳಿಸಿಕೊಂಡು ಬಿಚ್ಚುವ ಬಗೆ

ಹುಲ್ಲು ಕತ್ತರಿಸುವ ಬ್ರಷ್ ಕಟ್ಟರ್‌ನ ಬ್ಲೇಡ್ ಹಿಡಿದಿಡುವ ನಟ್ ಸಾಮಾನ್ಯವಾಗಿ ಎಡ ಪಿರಿಯದ್ದು (ಪಿರಿ ಎಂದರೆ ಥ್ರೆಡ್). ಮೆಷಿನ್ ಮಗುಚಿ ಹಾಕಿ ನಟ್ಟನ್ನು ಎದುರಿನಿಂದ ನೋಡುವಾಗ, ಬಿಚ್ಚಲು ಪ್ರದಕ್ಷಿಣೆ ಬರುವ ದಿಕ್ಕಿಗೆ ತಿರುಗಿಸಬೇಕು, ಬಿಗಿಯಲು ಅಪ್ರದಕ್ಷಿಣೆಗೆ. ಬ್ಲೇಡಿಗೆ ಹುಲ್ಲಿನ ತಡೆ ಸಿಕ್ಕಾಗ ನಟ್ ಸಡಿಲವಾಗದೆ ಬಿಗಿಯುವ ಕಡೆಗೇ ಎಳೆಯಲಿ ಎಂದು ಹೀಗೆ ಮಾಡಿರುತ್ತಾರೆ. ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಒಂದೇ ಮೆಷಿನ್ ನಾಲ್ಕು ಕೈ ದಾಟುತ್ತದೆ. ಹೊಸದಾಗಿ ಹಿಡಿದವರು ಅಭ್ಯಾಸಬಲದಿಂದ ಎಡಕ್ಕೆ ತಿರುಗಿಸುತ್ತಾರೆ, ಬರಲಿಲ್ಲವೆಂದು ಸ್ಪ್ಯಾನರಿಗೆ ಪೈಪ್ ತೂರಿಸಿ ಇನ್ನಷ್ಟು ಎಳೆಯುತ್ತಾರೆ. ತುಕ್ಕು ಮಾಡುವ ಹಾನಿಗಿಂತ ಇದು ದೊಡ್ಡದು. ಹಾಗಾಗಿ ಸ್ಪ್ಯಾನರ್ ಎತ್ತುವ ಮೊದಲು ನಟ್ಟಿನಿಂದ ಹೊರಗೆ ಕಾಣುವ ಪಿರಿಯನ್ನು ನೋಡಿ. ಶಾಫ್ಟನ್ನು ನೆಟ್ಟಗೆ ನಿಲ್ಲಿಸಿದಾಗ ಗೆರೆಗಳು ಎಡಕ್ಕೆ ಏರುತ್ತಿದ್ದರೆ ಎಡ ಪಿರಿ, ಬಲಕ್ಕೆ ಏರಿದರೆ ಸಾಮಾನ್ಯ ಪಿರಿ.

ಇನ್ನೊಂದು ವಿಷಯ ಮೊದಲೇ ತೀರ್ಮಾನವಾಗಬೇಕು. ಉಳಿಸಬೇಕಾದ್ದು ಶಾಫ್ಟ್, ನಟ್ ಅಲ್ಲ. ನಟ್ ಹೋದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ; ಶಾಫ್ಟಿನ ಪಿರಿ ಹೋದರೆ ಬ್ಲೇಡ್ ತಿರುಗಿಸುವ ಗೇರ್ ಪೆಟ್ಟಿಗೆ, ಅಂದರೆ ಗೇರ್ ಹೆಡ್ಡೇ ಬದಲಿಸಬೇಕಾದೀತು. ನಟ್ಟಿನ ಮೇಲೆ ಕರುಣೆ ತೋರಿಸುವವರೇ ಕೊನೆಗೆ ಶಾಫ್ಟ್ ಕಳೆದುಕೊಳ್ಳುತ್ತಾರೆ.

ನಮ್ಮ ಕಡೆ ನಟ್ ಕಚ್ಚಲು ಕಾರಣಗಳೂ ಸಾಕಷ್ಟಿವೆ. ಮುರಕಲ್ಲಿನ ನುಣ್ಣನೆಯ ಕೆಂಪು ಹುಡಿ ಹುಲ್ಲಿನ ರಸದೊಂದಿಗೆ ಸೇರಿ ಪಿರಿಯೊಳಗೆ ಗಟ್ಟಿಯಾಗುತ್ತದೆ. ಮೇಲಿಂದ ತಿಂಗಳುಗಟ್ಟಲೆ ಮಳೆ. ಮದ್ದು ಬಿಡುವ ದಿನಗಳಲ್ಲಿ ಬೋರ್ಡೋ ದ್ರಾವಣದ ಪಕ್ಕದಲ್ಲೇ ಮೆಷಿನ್ ಇಟ್ಟರೆ ಮೈಲುತುತ್ತಿನ ತಾಮ್ರ ಉಕ್ಕನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಕಲ್ಲಿಗೆ ಉಜ್ಜಿ ಉಜ್ಜಿ ನಟ್ಟಿನ ಮೂಲೆಗಳು ಸವೆದಿರುತ್ತವೆ.

ಕೆಲಸ ಶುರು ಮಾಡುವ ಮೊದಲು ಪ್ಲಗ್ ಕ್ಯಾಪ್ ಎಳೆದು ತೆಗೆಯಿರಿ, ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿ. ದಪ್ಪ ಕೈಗವಸು ಬೇಕು. ವಯರ್ ಬ್ರಷ್‌ನಿಂದ ಹೊರಗೆ ಚಾಚಿದ ಪಿರಿಯನ್ನು ಚೆನ್ನಾಗಿ ಉಜ್ಜಿ. ನಟ್ ಸಡಿಲವಾದ ಮೇಲೂ ಈ ಭಾಗದ ತುಕ್ಕಿಗೆ ಸಿಕ್ಕಿ ನಿಲ್ಲುವುದುಂಟು. ನಂತರ ತುಕ್ಕು ಬಿಡಿಸುವ ಸ್ಪ್ರೇ ಅಥವಾ ಸೀಮೆಎಣ್ಣೆ ಹಾಕಿ. ನಟ್ ಮೇಲ್ಮುಖವಾಗಿರಲಿ, ಎಣ್ಣೆ ಪಿರಿಯೊಳಗೆ ಇಳಿಯಬೇಕು. ಸಂಜೆ ಎರಡು ಸಲ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನಟ್ಟಿನ ಒಂದು ಬದಿಗೆ ಭಾರವಾದ ಸುತ್ತಿಗೆ ಒತ್ತಿ ಹಿಡಿದು, ಎದುರು ಬದಿಗೆ ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತಾ ಆರೂ ಮುಖ ಸುತ್ತಿ ಬನ್ನಿ. ಶಾಫ್ಟಿನ ತುದಿಗೆ ಹೊಡೆಯಲೇಬಾರದು. ಹೊಡೆದರೆ ತುದಿಯ ಪಿರಿ ಅರಳಿ ನಟ್ ಹೊರಬರಲು ದಾರಿಯೇ ಇರುವುದಿಲ್ಲ, ಒಳಗಿನ ಬೇರಿಂಗ್ ಕೂಡ ಏಟು ತಿನ್ನುತ್ತದೆ.

ಗೇರ್ ಹೆಡ್ಡಿನ ತೂತಿಗೆ ಪಿನ್ ತೂರಿಸಿ ಶಾಫ್ಟ್ ತಿರುಗದಂತೆ ಮಾಡುವ ಕ್ರಮ ದಿನನಿತ್ಯದ ಬಿಚ್ಚುವಿಕೆಗೆ ಸರಿ. ಕಚ್ಚಿಕೊಂಡ ನಟ್ಟಿಗೆ ಅದನ್ನು ನಂಬಬೇಡಿ. ಎಳೆದ ಬಲವೆಲ್ಲ ಪಿನ್ ತೂರಿಸುವ ತೂತಿರುವ ಅಲ್ಯೂಮಿನಿಯಮ್ ಕಿವಿಯ ಮೇಲೆ ಬೀಳುತ್ತದೆ, ಪಿನ್ ಬಗ್ಗುವ ಮೊದಲು ಆ ಕಿವಿ ಒಡೆಯುತ್ತದೆ. ಬದಲಿಗೆ ಹಳೆಯ ಬ್ಲೇಡನ್ನು ಎರಡು ಮರದ ತುಂಡುಗಳ ನಡುವೆ ಇಟ್ಟು ವೈಸಿನಲ್ಲೋ ಸಿ ಕ್ಲಾಂಪಿನಲ್ಲೋ ಹಿಡಿಸಿ. ಸ್ಪ್ಯಾನರ್ ಆರು ಮೂಲೆಯ ಬಾಕ್ಸ್ ಆಗಿರಲಿ, ಹನ್ನೆರಡು ಮೂಲೆಯದ್ದು ಸವೆದ ನಟ್ಟಿನಲ್ಲಿ ಜಾರುತ್ತದೆ. ಅಳತೆ ಹೆಚ್ಚಾಗಿ 17 ಅಥವಾ 19 ಮಿಮೀ. ಬ್ಯಾಟರಿಯ ಇಂಪ್ಯಾಕ್ಟ್ ರೆಂಚ್ ಸಿಕ್ಕಿದರೆ ಇನ್ನೂ ಒಳ್ಳೆಯದು: ಪಿನ್ ತೆಗೆದುಬಿಡಿ, ಸ್ವಿಚ್ಚನ್ನು ಸಾಮಾನ್ಯ ನಟ್ ಬಿಗಿಯುವ ಕಡೆಗೆ ಇಡಿ, ಎರಡು ಮೂರು ಸೆಕೆಂಡಿನ ಸಣ್ಣ ಹೊಡೆತಗಳನ್ನು ಕೊಡಿ. ಎಡ ಪಿರಿಗೆ ಅದೇ ಬಿಚ್ಚುವ ದಿಕ್ಕು.

ಅರ್ಧ ಸುತ್ತು ಬಂದು ನಿಂತರೆ ಬಲ ಹೆಚ್ಚಿಸಬೇಡಿ. ಕಾಲು ಸುತ್ತು ಹಿಂದೆ ಹೋಗಿ, ಎಣ್ಣೆ ಹಾಕಿ, ಮತ್ತೆ ಮುಂದೆ ತನ್ನಿ. ಕಿತ್ತ ಲೋಹದ ಚೂರು ಪಿರಿಯಲ್ಲಿ ಸಿಕ್ಕಿರುತ್ತದೆ, ಎಳೆದರೆ ಅದೇ ಉಳಿದ ಪಿರಿಯನ್ನೂ ಹೆರೆದು ತೆಗೆಯುತ್ತದೆ.

ಬಿಸಿ ಮಾಡುವುದಾದರೆ ಎಣ್ಣೆಯನ್ನು ಪೂರ್ತಿ ಒರೆಸಿ ಒಣಗಿಸಿದ ಮೇಲೆ ಮಾತ್ರ. ಗ್ಯಾಸ್ ಟಾರ್ಚಿನ ಬೆಂಕಿ ನಟ್ಟಿಗಷ್ಟೇ ತಾಗಬೇಕು, ಅದೂ ಅರ್ಧ ನಿಮಿಷದೊಳಗೆ. ಬ್ಲೇಡಿನ ಹಿಂದೆ ಗೇರ್ ಹೆಡ್ಡಿಗೆ ಒದ್ದೆ ಬಟ್ಟೆ ಸುತ್ತಿ. ಅಲ್ಲಿ ರಬ್ಬರ್ ಆಯಿಲ್ ಸೀಲ್ ಇದೆ, ಅದು ಸುಟ್ಟರೆ ಗ್ರೀಸ್ ಹೊರಗೆ ಹರಿಯುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ, ಅಥವಾ ಮೂಲೆಗಳು ಪೂರ್ತಿ ಉರುಟಾಗಿದ್ದರೆ, ನಟ್ಟನ್ನು ಕತ್ತರಿಸಿ. ನಾಲ್ಕಿಂಚಿನ ಗ್ರೈಂಡರಿಗೆ 1 ಮಿಮೀ ಕಟಿಂಗ್ ಡಿಸ್ಕ್ ಹಾಕಿ, ಕಣ್ಣಿಗೆ ಕನ್ನಡಕ ಇರಲಿ. ಕೊಯ್ತ ಶಾಫ್ಟಿನ ಉದ್ದಕ್ಕೆ ಸಮಾನಾಂತರವಾಗಿ, ಒಂದು ಮುಖದ ಮಧ್ಯದಲ್ಲಿ ಇಳಿಯಬೇಕು. ಆಳದ ಲೆಕ್ಕ ಸುಲಭ: 17ರ ನಟ್ಟಿನೊಳಗೆ 10 ಮಿಮೀ ಶಾಫ್ಟ್ ಇದ್ದರೆ ಆ ಜಾಗದಲ್ಲಿ ಗೋಡೆಯ ದಪ್ಪ ಮೂರೂವರೆ ಮಿಮೀ, ಆದ್ದರಿಂದ ಮೂರಕ್ಕೆ ನಿಲ್ಲಿಸಿ. 19ರದ್ದಾದರೆ ನಾಲ್ಕೂವರೆ, ನಾಲ್ಕಕ್ಕೆ ನಿಲ್ಲಿಸಿ. ಡಿಸ್ಕಿನ ಬದಿಗೆ ಮಾರ್ಕರ್‌ನಿಂದ ಆ ಆಳ ಗುರುತು ಹಾಕಿಕೊಂಡರೆ ಕಣ್ಣಳತೆಯ ಹಂಗಿಲ್ಲ. ನಟ್ಟಿನ ಕೆಳಗಿನ ಅಗಲ ಅಂಚನ್ನೂ ಕತ್ತರಿಸಿ. ಅಡಿಯ ವಾಷರಿಗೆ ಗಾಯವಾದರೆ ಚಿಂತೆಯಿಲ್ಲ. ಎದುರು ಮುಖದಲ್ಲೂ ಇಂಥದ್ದೇ ಕೊಯ್ತ ಹಾಕಿ, ಸೀಳಿನಲ್ಲಿ ಚಾಣ ಇಟ್ಟು ಹೊಡೆದರೆ ನಟ್ ಎರಡು ಹೋಳಾಗುತ್ತದೆ. ಗ್ರೈಂಡರ್ ಹಿಡಿದು ಅಭ್ಯಾಸವಿಲ್ಲದವರು ಹ್ಯಾಕ್ಸಾ ಬ್ಲೇಡಿನಲ್ಲಿ ನಿಧಾನವಾಗಿ ಮಾಡಲಿ. ಹೊತ್ತು ಹಿಡಿಯುತ್ತದೆ, ಆದರೆ ಶಾಫ್ಟಿಗೆ ಗಾಯವಾಗುವ ಭಯ ಕಡಿಮೆ.

ಕೆಲವು ಮೆಷಿನ್‌ಗಳಲ್ಲಿ ನಟ್ಟಿನ ಬದಲು ಶಾಫ್ಟಿನೊಳಗೆ ಹೋಗುವ ಎಡ ಪಿರಿಯ ಬೋಲ್ಟ್ ಇರುತ್ತದೆ. ಅದರ ತಲೆ ಮುರಿದರೆ ಮುರಿದ ಬೋಲ್ಟ್ ತೆಗೆಯುವ ಸಾಮಾನ್ಯ ಎಕ್ಸ್‌ಟ್ರಾಕ್ಟರ್ ಉಪಯೋಗಕ್ಕೆ ಬಾರದು. ಅದು ಅಪ್ರದಕ್ಷಿಣೆಗೆ ತಿರುಗಿಸಿದಾಗ ಕಚ್ಚುವ ಸಾಧನ, ಎಡ ಪಿರಿಯನ್ನು ಇನ್ನೂ ಬಿಗಿಯುತ್ತದೆ. ಬೋಲ್ಟಿನ ಮಧ್ಯಕ್ಕೆ ಸೆಂಟರ್ ಪಂಚ್ ಹೊಡೆದು ಸಾಮಾನ್ಯ ಡ್ರಿಲ್ ಬಿಟ್ಟಿನಿಂದ ಕೊರೆಯಿರಿ. ಬಿಟ್ ತಿರುಗುವ ದಿಕ್ಕೇ ಇಲ್ಲಿ ಬಿಚ್ಚುವ ದಿಕ್ಕಾದ್ದರಿಂದ, ಎಷ್ಟೋ ಸಲ ಕೊರೆಯುತ್ತಿರುವಾಗಲೇ ಬೋಲ್ಟ್ ಹೊರಗೆ ತಿರುಗಿ ಬರುತ್ತದೆ. ಬಾರದಿದ್ದರೆ ಮುರಿದ ತುದಿಗೆ ಬೇರೆ ನಟ್ ಬೆಸುಗೆ ಹಾಕಿಸಬೇಕು. ಆಗ ಗೇರ್ ಹೆಡ್ಡನ್ನು ಪೈಪಿನಿಂದ ಬಿಚ್ಚಿ ಅದೊಂದನ್ನೇ ವೆಲ್ಡಿಂಗ್ ಶಾಪಿಗೆ ಒಯ್ಯಿರಿ. ಅರ್ತ್ ಕ್ಲಿಪ್ಪನ್ನು ಶಾಫ್ಟಿನ ಕಾಲರಿಗೇ ಹಾಕಲು ಹೇಳಿ. ಹೆಡ್ಡಿನ ಮೈಗೆ ಹಾಕಿದರೆ ಕರೆಂಟ್ ಬೇರಿಂಗಿನ ಮೂಲಕ ಹಾದು ಅದರ ಗುಂಡುಗಳನ್ನು ಕೆಡಿಸುತ್ತದೆ.

ನಟ್ ಬಂದ ಮೇಲೆ ಪಿರಿ ನೋಡಿ. ತುದಿಯ ಒಂದೆರಡು ಸುತ್ತು ಮಾತ್ರ ಚಪ್ಪಟೆಯಾಗಿದ್ದರೆ ತ್ರಿಕೋನದ ಸಣ್ಣ ಅರದಿಂದ ಗೆರೆ ಬಿಡಿಸಬಹುದು. ಹೆಚ್ಚಿನ ಮೆಷಿನ್‌ಗಳ ಪಿರಿ ಎಂ10 (10 ಮಿಮೀ ವ್ಯಾಸ), ಪಿಚ್ (ಪಿರಿಯ ಗೆರೆಗಳ ನಡುವಿನ ಅಂತರ) 1.25 ಮಿಮೀ, ಎಡ. ಹಾರ್ಡ್‌ವೇರ್ ಅಂಗಡಿಯ ಮಾಮೂಲು ಎಂ10 ಡೈ, ಅಂದರೆ ಪಿರಿ ಕೊಯ್ಯುವ ಸಾಧನ, 1.5 ಪಿಚ್ಚಿನದ್ದು, ಮೇಲಾಗಿ ಬಲ ಪಿರಿಯದ್ದು. ಅದನ್ನು ಹಾಕಿದರೆ ಉಳಿದದ್ದೂ ಹೋಗುತ್ತದೆ. ಎಡ ಡೈ ಹುಡುಕುವ ಬದಲು ಅದೇ ಮೆಷಿನ್ನಿನ ಹೊಸ ನಟ್ ಒಂದನ್ನು ಹೆಚ್ಚುವರಿಯಾಗಿ ತಂದು, ಒಳಗಿನ ಪಿರಿಗೆ ಅಡ್ಡವಾಗಿ ಮೂರು ಕಡೆ ಹ್ಯಾಕ್ಸಾದಿಂದ ಗೀರು ಹಾಕಿ. ಎಣ್ಣೆ ಹಾಕಿ ಕಾಲು ಕಾಲು ಸುತ್ತು ಮುಂದೆ ಹಿಂದೆ ಮಾಡುತ್ತಾ ಇಳಿಸಿದರೆ, ಸವೆತ ಜೋರಿಲ್ಲದ ಪಿರಿಯನ್ನು ಅದು ಚೆನ್ನಾಗಿ ಸರಿಮಾಡುತ್ತದೆ. ಈ ನಟ್ಟನ್ನು ಬ್ಲೇಡ್ ಹಿಡಿಸಲು ಬಳಸುವುದು ಬೇಡ.

ನಟ್ ಕೂರುವ ಭಾಗದಲ್ಲೇ ಪಿರಿ ಕಿತ್ತುಹೋಗಿದ್ದರೆ ರಿಪೇರಿಯ ಮಾತು ಅಲ್ಲಿಗೇ ನಿಲ್ಲಲಿ. 255 ಮಿಮೀ ಬ್ಲೇಡ್ ನಿಮಿಷಕ್ಕೆ 7,000 ಸುತ್ತು ತಿರುಗುವಾಗ ಅದರ ಅಂಚು ಸೆಕೆಂಡಿಗೆ 93 ಮೀಟರ್ ವೇಗದಲ್ಲಿರುತ್ತದೆ. ಅಂಥದ್ದನ್ನು ಟೇಪ್ ಸುತ್ತಿ, ಅಂಟು ಹಾಕಿ, ಬೆಸುಗೆಯ ಚುಕ್ಕೆ ಇಟ್ಟು ಓಡಿಸುವುದು ಹುಚ್ಚು. ಶಾಫ್ಟ್ ಬಿಡಿಯಾಗಿ ಸಿಗದಿದ್ದರೆ ಗೇರ್ ಹೆಡ್ ಇಡಿಯಾಗಿ ಬದಲಿಸಿ. ಅಂಗಡಿಗೆ ಹೋಗುವಾಗ ಎರಡು ಅಳತೆ ಹಿಡಿದುಕೊಂಡು ಹೋಗಿ: ಉದ್ದ ಪೈಪಿನ ಹೊರವ್ಯಾಸ 26 ಮಿಮೀಯೋ 28ರದ್ದೋ, ಒಳಗಿನ ಶಾಫ್ಟಿನ ತುದಿಯಲ್ಲಿ ಹಲ್ಲು ಏಳೋ ಒಂಬತ್ತೋ. ಹಳೆಯ ಹೆಡ್ಡನ್ನೇ ಕೊಂಡುಹೋದರೆ ಇನ್ನೂ ಸುರಕ್ಷಿತ.

ಮತ್ತೆ ಜೋಡಿಸುವಾಗ ಪಿರಿಗೆ ತಾಮ್ರದ ಆ್ಯಂಟಿ-ಸೀಜ್ ಪೇಸ್ಟ್ ಅಥವಾ ಸ್ವಲ್ಪ ಗ್ರೀಸ್ ಸವರಿ. ಬ್ಲೇಡಿನ ತೂತು ಒಳಗಿನ ಕಾಲರಿನ ಉಬ್ಬಿನ ಮೇಲೆ ಸರಿಯಾಗಿ ಕೂತಿದೆಯೇ ನೋಡಿ, ಓರೆ ಕೂತರೆ ಮೆಷಿನ್ ನಡುಗಿ ನಟ್ ಸಡಿಲಾಗುತ್ತದೆ. ಮೆಷಿನ್ ಜತೆ ಬಂದ ಟಿ ಸ್ಪ್ಯಾನರಿನಲ್ಲಿ ಕೈಬಲಕ್ಕೆ ಬಿಗಿದರೆ ಸಾಕು. ನೈಲಾನ್ ಉಂಗುರದ ಲಾಕ್ ನಟ್ ಬೆರಳಲ್ಲೇ ಸಲೀಸಾಗಿ ತಿರುಗತೊಡಗಿದರೆ ಹೊಸದು ಹಾಕಿ. ಲಾಕ್ ಪಿನ್ ತೂತಿನಿಂದ ತೆಗೆದಿದ್ದೀರೆಂದು ನೋಡಿಕೊಂಡ ಮೇಲಷ್ಟೇ ಪ್ಲಗ್ ಕ್ಯಾಪ್ ಹಾಕಿ, ಮತ್ತು ಮೊದಲ ಹತ್ತು ನಿಮಿಷ ಓಡಿಸಿ ನಿಲ್ಲಿಸಿ ನಟ್ಟನ್ನು ಇನ್ನೊಮ್ಮೆ ಬಿಗಿದು ನೋಡಿ, ಅಪ್ರದಕ್ಷಿಣೆಗೆ.