ಜರ್ಮನಿಗೆ ಬಂದ ಹೊಸಬರಿಗೆ: ‘ಫೇಲ್’ ಆದದ್ದನ್ನು ಜರ್ಮನ್ನಿನಲ್ಲಿ ಹೇಳುವುದು ಹೇಗೆ?

ಪರೀಕ್ಷೆ ಫೇಲ್, ಬ್ರೇಕ್ ಫೇಲ್, ಸರ್ವರ್ ಫೇಲ್, ಕಿಡ್ನಿ ಫೇಲ್. ಊರಲ್ಲಿ ಎಲ್ಲದಕ್ಕೂ ಒಂದೇ ಪದ ಸಾಕು. ಜರ್ಮನ್ನಿನಲ್ಲಿ ಸಾಲುವುದಿಲ್ಲ. ಏನು ಕೆಟ್ಟಿತು, ಹೇಗೆ ಕೆಟ್ಟಿತು ಎಂದು ನೋಡಿಕೊಂಡು ಪದ ಆರಿಸಬೇಕು. ಇಲ್ಲಿ ಬಹಳಷ್ಟು ವ್ಯವಹಾರ ಪತ್ರದ ಮೇಲೇ ನಡೆಯುವುದರಿಂದ ಇದನ್ನು ಬೇಗ ಕಲಿಯುವುದು ಒಳ್ಳೆಯದು.

ಮೊದಲು ‘ಫೇಲರ್’. ಕಿವಿಗೆ ನಮ್ಮ ‘ಫೇಲ್’ ಥರ ಕೇಳಿಸುತ್ತದೆ, ಆದರೆ ದಿನಬಳಕೆಯಲ್ಲಿ ಅದರ ಅರ್ಥ ತಪ್ಪು ಅಥವಾ ದೋಷ. ಕೋಡ್‌ನಲ್ಲಿರುವ ಬಗ್ ಫೇಲರ್, ಕಾಗುಣಿತದ ತಪ್ಪೂ ಫೇಲರ್. ಕೆಲಸ ಮಾಡುತ್ತಿದ್ದದ್ದು ನಿಂತೇಹೋದರೆ ‘ಔಸ್‌ಫಾಲ್’. ಸರ್ವರ್ ಬಿದ್ದರೆ, ಕರೆಂಟ್ ಹೋದರೆ, ರೈಲು ರದ್ದಾದರೆ ಇದೇ ಪದ. ಚಲಿಸುತ್ತಿದ್ದರೂ ಏನೋ ಅಡ್ಡಿಯಿದ್ದರೆ ‘ಷ್ಟ್ಯೋರುಂಗ್’. ರೈಲು ನಿಲ್ದಾಣದಲ್ಲಿ ಇದನ್ನು ದಿನವೂ ಕೇಳುತ್ತೀರಿ.

ವಾಹನ ಉದ್ಯಮದಲ್ಲಿ ಕೆಲಸ ಮಾಡುವವರು ಇಲ್ಲಿ ಸ್ವಲ್ಪ ನಿಧಾನಿಸಬೇಕು. ಎಫ್‌ಎಮ್‌ಇಎ ಹಾಳೆಯಲ್ಲಿ, ಅಂದರೆ ಏನೇನು ಹೇಗೆ ಕೆಡಬಹುದು ಎಂದು ಮೊದಲೇ ಪಟ್ಟಿ ಮಾಡುವ ಹಾಳೆಯಲ್ಲಿ, ಫೇಲ್ಯೂರ್ ಮೋಡ್ (ಕೆಡುವ ಬಗೆ) ಎಂದರೆ ‘ಫೇಲರ್‌ಆರ್ಟ್’, ಅದರ ಪರಿಣಾಮ ‘ಫೇಲರ್‌ಫೋಲ್ಗೆ’, ಕಾರಣ ‘ಫೇಲರ್‌ಊರ್‌ಜಾಖೆ’. ಹಾಗಾದರೆ ಫೇಲ್ಯೂರ್ ರೇಟ್, ಅಂದರೆ ಕೆಡುವ ಪ್ರಮಾಣ? ಅದು ‘ಔಸ್‌ಫಾಲ್‌ರಾಟೆ’. ಸಾಫ್ಟ್‌ವೇರ್ ಪರೀಕ್ಷಕರಿಗೆ ಪ್ರಮಾಣಪತ್ರ ಕೊಡುವ ಐಎಸ್‌ಟಿಕ್ಯೂಬಿ ಸಂಸ್ಥೆಯ ಪದಕೋಶದಲ್ಲಿ ಇನ್ನೂ ಬೇರೆ: ಮನುಷ್ಯ ಮಾಡುವ ತಪ್ಪು ‘ಫೇಲ್‌ಹಾಂಡ್ಲುಂಗ್’, ಅದರಿಂದ ಕೋಡ್‌ನಲ್ಲಿ ಉಳಿಯುವ ದೋಷ ‘ಫೇಲರ್‌ತ್ಸೂಷ್ಟಾಂಡ್’, ಪ್ರೋಗ್ರಾಂ ಓಡುವಾಗ ಹೊರಗೆ ಕಾಣಿಸುವುದು ‘ಫೇಲರ್‌ವಿರ್ಕುಂಗ್’. ಹಾಗಾಗಿ ಅನುವಾದದ ಆ್ಯಪ್ ಕೊಟ್ಟ ಪದವನ್ನು ಸುಮ್ನೆ ವರದಿಗೆ ಹಾಕಬೇಡಿ. ನಿಮ್ಮ ವಿಭಾಗದ ಹಳೆಯ ವರದಿಗಳನ್ನು ತೆಗೆದು, ಅಲ್ಲಿರುವ ಪದವನ್ನೇ ಬಳಸಿ.

‘ಫೆರ್‌ಜಾಗನ್’, ಅಂದರೆ ಬೇಕಾದಾಗಲೇ ಕೈಕೊಡುವುದು, ಭಾರವಾದ ಪದ. ಬ್ರೇಕ್‌ಗೆ, ಕಿಡ್ನಿಗೆ ಸರಿ. ಅಪಘಾತದ ಸುದ್ದಿಯಲ್ಲಿ ಮನುಷ್ಯನ ತಪ್ಪಿಗೂ ಬರುತ್ತದೆ. ಆದರೆ ಸಹೋದ್ಯೋಗಿಯ ಮುಖಕ್ಕೆ ಇದನ್ನು ಹೇಳಿದರೆ ‘ನೀನು ಕೈಲಾಗದವನು’ ಎಂದಷ್ಟು ಚುಚ್ಚುತ್ತದೆ. ‘ದಾ ಇಸ್ಟ್ ಐನ್ ಫೇಲರ್ ಪಸೀರ್ಟ್’, ಅಂದರೆ ಇಲ್ಲೊಂದು ತಪ್ಪಾಗಿದೆ, ಎಂದರೆ ಸಾಕು. ಯಾರ ಮೇಲೂ ಬೆರಳು ತೋರಿಸಿದಂತಾಗುವುದಿಲ್ಲ.

ಬಾಡಿಗೆ ಮನೆಯಲ್ಲಿ ಹೀಟಿಂಗ್ ನಿಂತರೆ ಅದು ಔಸ್‌ಫಾಲ್ ನಿಜ, ಆದರೆ ಮಾಲೀಕರಿಗೆ ಬರೆಯುವಾಗ ನೆನಪಿಡಬೇಕಾದ ಪದ ‘ಮಾಂಗೆಲ್’, ಅಂದರೆ ಕೊರತೆ. ಬಾಡಿಗೆ ಕಡಿತದ ಕಾನೂನು, ಅಂದರೆ ಜರ್ಮನಿಯ ನಾಗರಿಕ ಸಂಹಿತೆಯಾದ ಬಿಜಿಬಿಯ 536ನೇ ಕಲಂ, ಈ ಪದದ ಮೇಲೇ ನಿಂತಿದೆ. ಕೊರತೆಯನ್ನು ತಡಮಾಡದೆ ತಿಳಿಸುವುದು ಬಾಡಿಗೆದಾರರ ಕರ್ತವ್ಯ. ಫೋನ್ ಮಾಡಿದರೂ ಪರವಾಗಿಲ್ಲ, ಆಮೇಲೆ ‘ಮೆಂಗೆಲ್‌ಆನ್‌ತ್ಸೈಗೆ’ (ಕೊರತೆಯ ಸೂಚನೆ) ಎಂಬ ಶೀರ್ಷಿಕೆ ಹಾಕಿ ಬರೆದೂ ಕಳಿಸಿ. ಯಾವ ಕೋಣೆ, ಯಾವತ್ತಿನಿಂದ, ಎಷ್ಟು ತಣ್ಣಗಿದೆ ಎಂದು ಬರೆಯಿರಿ. ಬಾಡಿಗೆಯನ್ನು ನೀವೇ ಅಂದಾಜಿನಲ್ಲಿ ಕಡಿತ ಮಾಡಬೇಡಿ. ಬಾಡಿಗೆದಾರರ ಸಂಘವನ್ನು, ಅಂದರೆ ‘ಮೀಟರ್‌ಫೆರೈನ್’ ಅನ್ನು, ಮೊದಲು ಕೇಳಿ.

ವಿದ್ಯಾರ್ಥಿಗಳಿಗೆ ಹೇಳಬೇಕಾದ್ದು ಎಲ್ಲಕ್ಕಿಂತ ಮುಖ್ಯ. ಇಲ್ಲಿ 1.0 ಅತ್ಯುತ್ತಮ, 4.0 ಪಾಸ್, 5.0 ಎಂದರೆ ‘ನಿಖ್ಟ್ ಬೆಷ್ಟಾಂಡನ್’, ಪಾಸಾಗಿಲ್ಲ. ಇದು ಸಾಮಾನ್ಯ, ಹೆಚ್ಚಿನ ಕಡೆ ಮತ್ತೆ ಬರೆಯಬಹುದು. ಆದರೆ ಪತ್ರದಲ್ಲಿ ಇದರ ಮುಂದೆ ‘ಎಂಡ್‌ಗ್ಯುಲ್ಟಿಖ್’ ಎಂದು ಸೇರಿದ್ದರೆ ಅವಕಾಶಗಳೆಲ್ಲ ಮುಗಿದವು ಎಂದರ್ಥ. ಕಡ್ಡಾಯ ವಿಷಯವಾದರೆ ಆ ಕೋರ್ಸ್‌ನಿಂದಲೇ ಹೊರಬೀಳಬಹುದು, ವೀಸಾಕ್ಕೂ ತೊಂದರೆಯಾಗಬಹುದು. ಗಾಬರಿಯಾಗುತ್ತದೆ, ಅಲ್ವಾ? ಆದರೂ ಪತ್ರವನ್ನು ಮುಚ್ಚಿಡಬೇಡಿ. ಕೊನೆಯಲ್ಲಿ ‘ರೆಖ್ಟ್ಸ್‌ಬೆಹೆಲ್ಫ್ಸ್‌ಬೆಲೇರುಂಗ್’ (ಕಾನೂನು ಪರಿಹಾರದ ಮಾಹಿತಿ) ಎಂಬ ಭಾಗವಿದ್ದರೆ ಮೊದಲು ಅದನ್ನೇ ಓದಿ. ಆಕ್ಷೇಪಣೆ ಎಲ್ಲಿ, ಎಷ್ಟು ದಿನದೊಳಗೆ ಸಲ್ಲಿಸಬೇಕು ಎಂಬುದು ಅಲ್ಲಿರುತ್ತದೆ. ಆ ಗಡುವನ್ನು ಬರೆದಿಟ್ಟುಕೊಂಡು ಅದೇ ವಾರ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಲಹಾ ಕೇಂದ್ರಕ್ಕೆ ಹೋಗಿ.