ಹಗ್ಗದ ಕಟ್ಟು ಬಿಗಿಯುವ ಅಡ್ಡಸುತ್ತು: ಫ್ರ್ಯಾಪಿಂಗ್

ಎರಡು ಗಳಗಳನ್ನು ಅಡ್ಡಡ್ಡ ಇಟ್ಟು ಹಗ್ಗ ಸುತ್ತಿದ ಮೇಲೂ ಕಟ್ಟು ಅಲ್ಲಾಡುತ್ತಿದ್ದರೆ ಮೊದಲು ನೋಡಬೇಕಾದದ್ದು ಫ್ರ್ಯಾಪಿಂಗನ್ನು. ಗಳಗಳ ನಡುವಿನ ಸಂದಿಯಲ್ಲಿ ಹಾಯಿಸಿ, ಮೊದಲು ಹಾಕಿದ ಸುತ್ತುಗಳನ್ನೇ ಹಿಂಡುವ ಅಡ್ಡಸುತ್ತಿಗೆ ನಾವಿಕರು ಕೊಟ್ಟ ಹೆಸರು ಅದು.

ಪದ ಬಂದದ್ದು ಫ್ರೆಂಚಿನ ‘ಫ್ರಾಪೆ’ಯಿಂದ. ಸಾಮಾನ್ಯ ಅರ್ಥ ಹೊಡೆಯುವುದು. ಹಡಗಿನವರ ಮಾತಿನಲ್ಲಿ ಅದರ ಅರ್ಥ ಹಗ್ಗವನ್ನು ಕಟ್ಟಿ ಭದ್ರಪಡಿಸುವುದು. ಬಿರುಗಾಳಿಗೆ ಮರದ ಹಡಗಿನ ಹಲಗೆಗಳು ಸಂದುಬಿಡತೊಡಗಿದರೆ ದಪ್ಪ ಹಗ್ಗವನ್ನು ತಳದಡಿ ಹಾಯಿಸಿ ಇಡೀ ಒಡಲನ್ನು ಬಿಗಿಯುತ್ತಿದ್ದರು. ಅದೂ ಫ್ರ್ಯಾಪಿಂಗೇ. ಕೆಲಸವಂತೂ ಪದಕ್ಕಿಂತ ಹಳೆಯದು: ಬೈಬಲಿನ ಅಪೊಸ್ತಲರ ಕೃತ್ಯಗಳು 27:17ರಲ್ಲಿ ಪೌಲನಿದ್ದ ಹಡಗಿಗೆ ಹೀಗೆ ಹಗ್ಗ ಬಿಗಿದ ಮಾತು ಬರುತ್ತದೆ.

ಸ್ಕೌಟ್ ಮಕ್ಕಳು ಕಲಿಯುವ ಸ್ಕ್ವೇರ್ ಲ್ಯಾಶಿಂಗಿನಲ್ಲಿ, ಅಂದರೆ ನಿಂತ ಗಳಕ್ಕೆ ಅಡ್ಡಗಳವನ್ನು ಲಂಬಕೋನದಲ್ಲಿ ಬಿಗಿಯುವ ಕಟ್ಟಿನಲ್ಲಿ, ಇದು ಚೆನ್ನಾಗಿ ಅರ್ಥವಾಗುತ್ತದೆ. 5 ಸೆಂ.ಮೀ. ದಪ್ಪದ ಎರಡು ಗಳಗಳಿಗೆ 6 ಮಿ.ಮೀ.ನ ಹಗ್ಗ ಸುಮಾರು 4 ಮೀಟರ್ ಇಟ್ಟುಕೊಳ್ಳಿ. ನಾರಿನ ಹಗ್ಗವೇ ಮೇಲು, ಮರವನ್ನು ಕಚ್ಚಿ ಹಿಡಿಯುತ್ತದೆ. ನೈಲಾನ್ ಹಿಗ್ಗುತ್ತದೆ, ಜಾರುತ್ತದೆ.

ನಿಂತ ಗಳಕ್ಕೆ, ಅಡ್ಡಗಳದ ಕೆಳಗೆ, ಕ್ಲೋವ್ ಹಿಚ್ (ಎರಡು ಸುತ್ತು ಹಾಕಿ, ತುದಿಯನ್ನು ಎರಡನೆಯ ಸುತ್ತಿನಡಿ ತೂರಿಸುವ ಗಂಟು) ಹಾಕಿ. ಉಳಿದ ಗಿಡ್ಡ ತುದಿಯನ್ನು ಉದ್ದ ಹಗ್ಗಕ್ಕೆ ಹೊಸೆದುಬಿಡಿ. ಹಗ್ಗವನ್ನು ಅಡ್ಡಗಳದ ಮುಂದಿನಿಂದ ಮೇಲಕ್ಕೆ, ನಿಂತ ಗಳದ ಹಿಂದೆ, ಮತ್ತೆ ಅಡ್ಡಗಳದ ಮುಂದಿನಿಂದ ಕೆಳಕ್ಕೆ, ನಿಂತ ಗಳದ ಹಿಂದೆ ತಂದರೆ ಒಂದು ಸುತ್ತು. ಇಂಥವು ಮೂರು. ಹೊಸ ಸುತ್ತು ಅಡ್ಡಗಳದ ಮೇಲೆ ಹಳೆಯದರ ಹೊರಗೆ, ನಿಂತ ಗಳದ ಮೇಲೆ ಒಳಗೆ ಕೂರಬೇಕು. ಒಂದರ ಮೇಲೊಂದು ಹತ್ತಿದರೆ ಭಾರ ಬಿದ್ದಾಗ ಮೇಲಿನದು ಜಾರಿ ಕಟ್ಟು ಸಡಿಲುತ್ತದೆ.

ಈಗ ದಿಕ್ಕು ಬದಲಿಸಿ. ಹಗ್ಗವನ್ನು ಎರಡು ಗಳಗಳ ನಡುವೆ ತೂರಿಸಿ, ಮೂರೂ ಸುತ್ತುಗಳನ್ನು ಒಟ್ಟಿಗೆ ಸುತ್ತುವರಿಯುವಂತೆ ಎಳೆಯಿರಿ. ಬಿಗಿದ ಹಗ್ಗವನ್ನು ಪಕ್ಕದಿಂದ ಒತ್ತಿದರೆ ಸಣ್ಣ ಬಲಕ್ಕೂ ಅದರುದ್ದಕ್ಕೆ ದೊಡ್ಡ ಸೆಳೆತ ಹುಟ್ಟುತ್ತದೆ. ಫ್ರ್ಯಾಪಿಂಗಿನ ಶಕ್ತಿ ಇರುವುದು ಅಲ್ಲಿ. ಆದ್ದರಿಂದ ಮೂಲ ಸುತ್ತುಗಳೇ ಸಡಿಲವಿದ್ದರೆ ಈ ಎಳೆತವೆಲ್ಲ ಸಡಿಲು ತೆಗೆಯುವುದಕ್ಕೇ ಮುಗಿದುಹೋಗುತ್ತದೆ. ಪ್ರತಿ ಅರ್ಧ ಸುತ್ತಿಗೂ ನಿಂತು, ಮೈಭಾರ ಹಾಕಿ ಜಗ್ಗಿ; ಕೊನೆಯಲ್ಲಿ ಒಮ್ಮೆ ಜಗ್ಗಿದರೆ ಬಿಗಿ ಒಳಗಿನ ಸುತ್ತಿಗೆ ತಲುಪದು. ಎರಡು ಅಡ್ಡಸುತ್ತು ಸಾಕು. ಸಂದಿ ತುಂಬಿದ ಮೇಲೆ ಹಾಕಿದವು ಪರಸ್ಪರ ಹತ್ತಿ ಕೂರುತ್ತವೆಯೇ ಹೊರತು ಬಿಗಿ ಹೆಚ್ಚಿಸುವುದಿಲ್ಲ.

ಅಡ್ಡಗಳಕ್ಕೆ ಕ್ಲೋವ್ ಹಿಚ್ ಹಾಕಿ ಮುಗಿಸಿ. ನಾರಿನ ಹಗ್ಗ ನೆನೆದರೆ ಉಬ್ಬಿ ಬಿಗಿಯುತ್ತದೆ, ಒಣಗಿದಾಗ ಸಡಿಲುತ್ತದೆ. ಮಳೆ ಬಂದು ಬಿಸಿಲು ಕಾದ ಮೇಲೆ, ಯಾರನ್ನಾದರೂ ಹತ್ತಿಸುವ ಮೊದಲು, ಅಡ್ಡಸುತ್ತನ್ನು ಬಿಚ್ಚಿ ಮತ್ತೆ ಜಗ್ಗಿ ಕಟ್ಟಿ.