ಬಾಡಿಗೆದಾರರು ಖಾಲಿ ಮಾಡಿದ ಮನೆ ಕ್ಲೀನಿಂಗ್: ರೆಡಿಂಗ್‌ನಲ್ಲಿ ನಾನು ಮಾಡೋ ರೀತಿ

ನಾನಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಬಾಡಿಗೆದಾರರು ಬಿಟ್ಟು ಹೋದ ಮನೆಗಳನ್ನ ಓನರ್‌ಗಳಿಗೆ, ಲೆಟಿಂಗ್ ಏಜೆಂಟ್‌ಗಳಿಗೆ ಕ್ಲೀನ್ ಮಾಡಿ ಕೊಡೋ ಕೆಲಸ ಆರು ವರ್ಷದಿಂದ ಮಾಡ್ತಿದೀನಿ. ಇಲ್ಲಿ ಮನೆ ತಗೊಂಡು ಬಾಡಿಗೆಗೆ ಬಿಟ್ಟಿರೋ ನಮ್ಮ ಕನ್ನಡದವರು ಫೋನ್ ಮಾಡಿ "ಅಕ್ಕಾ, ಟೆನೆಂಟ್ ಹೋದ್ರು, ಅಡುಗೆಮನೆ ನೋಡೋಕಾಗ್ತಿಲ್ಲ, ಡಿಪಾಸಿಟ್‌ನಲ್ಲಿ ಎಷ್ಟು ಮುರ್ಕೋಬಹುದು" ಅಂತ ಕೇಳ್ತಾನೇ ಇರ್ತಾರೆ, ಅದಕ್ಕೇ ಇದನ್ನ ಬರೀತಿದೀನಿ.

ನಾನು ಮೊದಲು ಕೇಳೋದು ಚೆಕ್-ಇನ್ ರಿಪೋರ್ಟ್ ಕಳಿಸಿ ಅಂತ. ಅಂದ್ರೆ ಕೀ ಕೊಟ್ಟ ದಿನ ಮನೆ ಹೇಗಿತ್ತು ಅಂತ ಫೋಟೋ ಸಮೇತ ಬರೆದಿರೋದು. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡೋವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಳ್ಳೋದನ್ನ ನೋಡಿ ಬಂದವರಿಗೆ ಇಲ್ಲಿನ ಲೆಕ್ಕ ಬೇಗ ತಲೆಗೆ ಹೋಗಲ್ಲ. ಇಲ್ಲಿ ವರ್ಷದ ಬಾಡಿಗೆ 50,000 ಪೌಂಡ್ ಒಳಗಿದ್ರೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ತಗೋಳೋ ಹಾಗಿಲ್ಲ, ಅದನ್ನೂ 30 ದಿನದೊಳಗೆ ಸರ್ಕಾರ ಒಪ್ಪಿರೋ, ಡಿಪಾಸಿಟ್ ಕಾಪಾಡಿ ಅದರ ಜಗಳನೂ ತೀರಿಸೋ ಸ್ಕೀಮ್‌ನಲ್ಲಿ ಪ್ರೊಟೆಕ್ಟ್ ಮಾಡಬೇಕು, ಮತ್ತೆ ಆ ದುಡ್ಡು ಕೊನೇವರೆಗೂ ಬಾಡಿಗೆದಾರರದ್ದೇ. ಜಗಳ ಸ್ಕೀಮ್‌ವರೆಗೆ ಹೋದ್ರೆ ಅಲ್ಲಿನವರು ಮನೆಗೆ ಬಂದು ನೋಡಲ್ಲ, ಓನರ್ ಕಳಿಸಿದ ಕಾಗದ-ಫೋಟೋ, ಬಾಡಿಗೆದಾರರು ಕಳಿಸಿದ್ದು, ಎರಡನ್ನೂ ಪಕ್ಕಪಕ್ಕ ಇಟ್ಟು ತೀರ್ಮಾನ ಮಾಡ್ತಾರೆ. 2019ರ ಟೆನೆಂಟ್ ಫೀಸ್ ಆಕ್ಟ್ ಬಂದ್ಮೇಲೆ ಕ್ಲೀನಿಂಗ್‌ಗೆ ಇಷ್ಟು ಪೌಂಡ್ ಕಟ್ಟಲೇಬೇಕು ಅಂತ ಅಗ್ರಿಮೆಂಟ್‌ನಲ್ಲಿ ಹಾಕೋ ಹಾಗಿಲ್ಲ, ಬಂದಾಗ ಎಷ್ಟು ಕ್ಲೀನಾಗಿತ್ತೋ ಅಷ್ಟೇ ಕ್ಲೀನಾಗಿ ವಾಪಸ್ ಕೊಡಿ ಅಂತ ಕೇಳಬಹುದು ಅಷ್ಟೇ.

ಒಬ್ಬ ಓನರ್ ಮನೇಲಿ ಓವನ್ ಒಂದಕ್ಕೇ ನನಗೆ ಮೂರು ಗಂಟೆ ಹಿಡೀತು, ಜಿಡ್ಡು ಕರಕಲಾಗಿ ಟಾರ್ ಥರ ಅಂಟಿತ್ತು. ಆದ್ರೆ ಅವರ ಚೆಕ್-ಇನ್ ರಿಪೋರ್ಟ್‌ನಲ್ಲಿ ಓವನ್ ಒಳಗಿನ ಫೋಟೋನೇ ಇರ್ಲಿಲ್ಲ, ಬಾಗಿಲು ಮುಚ್ಚಿರೋ ಫೋಟೋ ಒಂದಿತ್ತು. ಅವರಿಗೆ ಡಿಪಾಸಿಟ್‌ನಿಂದ ಒಂದು ಪೈಸೆನೂ ಸಿಗಲಿಲ್ಲ. ಅವತ್ತಿಂದ ನಾನು ಕೆಲಸ ಮುಗಿದ್ಮೇಲೆ ಓವನ್ ಒಳಗೆ, ಫ್ರಿಜ್ ರಬ್ಬರಿನ ಮಡಿಕೆ, ಟಾಯ್ಲೆಟ್ ಸೀಟ್ ಕೆಳಗೆ, ಚಿಮಣಿ ಫಿಲ್ಟರ್, ಇಷ್ಟೂ ಫೋಟೋ ತೆಗೆದು ಕಳಿಸ್ತೀನಿ, ಮುಂದಿನ ಬಾಡಿಗೆದಾರರಿಗೆ ಅದೇ ಚೆಕ್-ಇನ್ ಫೋಟೋ ಆಗುತ್ತೆ.

ಹೋಗೋ ಮುಂಚೆ ಕರೆಂಟ್ ಇದ್ಯಾ ಅಂತ ಖಾತ್ರಿ ಮಾಡ್ಕೊಳ್ಳಿ. ಒಂದ್ಸಲ ಡಿಸೆಂಬರ್‌ನಲ್ಲಿ ಪ್ರೀಪೇಯ್ಡ್ ಮೀಟರ್‌ನಲ್ಲಿ ದುಡ್ಡೇ ಇಲ್ಲ, ಬಿಸಿನೀರಿಲ್ಲ, ಮೂರೂವರೆಗೆಲ್ಲ ಕತ್ತಲು ಶುರು, ಏಜೆಂಟ್ ಫೋನ್ ಎತ್ತಲಿಲ್ಲ, ಆ ದಿನ ಪೂರ್ತಿ ಹೋಯ್ತು.

ಒಳಗೆ ಹೋದ ತಕ್ಷಣ ಓವನ್ ರ‍್ಯಾಕ್‌ಗಳನ್ನ ಬಿಸಿನೀರಲ್ಲಿ ನೆನೆಹಾಕ್ತೀನಿ, ಬಾತ್‌ರೂಮಿಗೆ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್ ಪುಡಿ) ನೀರು ಹಚ್ಚಿ ಬಿಡ್ತೀನಿ, ಅವು ನೆನೀತಿರೋವಾಗ ಕಪಾಟುಗಳ ಒಳಗೆ, ಬಾಗಿಲ ಚೌಕಟ್ಟಿನ ಮೇಲೆ ಕೂತಿರೋ ಧೂಳು, ಸ್ವಿಚ್‌ಬೋರ್ಡು ಎಲ್ಲ ಮೇಲಿಂದ ಕೆಳಕ್ಕೆ ಒರೆಸ್ಕೊಂಡು ಬರ್ತೀನಿ. ನೆಲ ಕೊನೇಗೆ.

ರೆಡಿಂಗ್ ನೀರು ಗಡಸು, ಲಂಡನ್‌ದೂ ಹಾಗೇ. ನಲ್ಲಿ ಬುಡದಲ್ಲಿ ಬೆಳ್ಳಗೆ ಸುಣ್ಣದ ಥರ ಕಟ್ಕೊಂಡಿರುತ್ತೆ, ತಿಕ್ಕಿದ್ರೆ ನಲ್ಲಿ ಹೊಳಪು ಹೋಗುತ್ತೇ ಹೊರತು ಅದು ಹೋಗಲ್ಲ. ಊರಲ್ಲಿ ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚಿ ಇಡ್ತೀವಲ್ಲ, ಇದಕ್ಕೂ ಹುಳಿಯೇ ಮದ್ದು. ಕಿಚನ್ ಟಿಶ್ಯೂನ ನಿಂಬೆ ಉಪ್ಪಿನ ನೀರಲ್ಲಿ ಅದ್ದಿ ನಲ್ಲಿ ಬುಡಕ್ಕೆ ಸುತ್ತಿ, ಅದು ಒಣಗದ ಹಾಗೆ ಮೇಲೆ ಪ್ಲಾಸ್ಟಿಕ್ ಸುತ್ತಿ ಅರ್ಧ ಗಂಟೆ ಬಿಡ್ತೀನಿ, ತೆಗೆದಾಗ ಹಳೇ ಟೂತ್‌ಬ್ರಶ್‌ಗೇ ಮೆತ್ತಗೆ ಬಿಟ್ಕೊಳ್ಳುತ್ತೆ. ಟಾಯ್ಲೆಟ್ ಒಳಗಿನ ಕಂದು ಕಲೆನೂ ಅದೇ ಸುಣ್ಣ, ಬ್ಲೀಚ್ ಹಾಕಿದ್ರೆ ಬಣ್ಣ ಮಾತ್ರ ತಿಳಿಯಾಗುತ್ತೆ, ಸುಣ್ಣ ಅಲ್ಲೇ ಇರುತ್ತೆ. ಬ್ಲೀಚ್ ಮತ್ತೆ ಹುಳಿ ಎರಡನ್ನೂ ಯಾವತ್ತೂ ಒಟ್ಟಿಗೆ ಹಾಕ್ಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ. ಮಾರ್ಬಲ್‌ಗೂ ಹುಳಿ ಮುಟ್ಟಿಸ್ಬೇಡಿ. ಮೊದಲನೇ ವರ್ಷ ಒಂದು ಮನೇಲಿ ಬಾತ್‌ರೂಮ್ ಕಿಟಕಿಯ ಮಾರ್ಬಲ್ ಕಟ್ಟೆ ಮೇಲೆ ನಾಲ್ಕು ಹನಿ ಬಿದ್ದು, ಒರೆಸಿದ್ಮೇಲೂ ಅಷ್ಟಷ್ಟೇ ಜಾಗ ಮಂಕಾಗಿ ಉಳೀತು, ಪಾಲಿಶ್ ಮಾಡಿಸಿದ ಖರ್ಚು ನಾನೇ ಕೊಟ್ಟೆ.

ನಮ್ಮವರು ಇದ್ದ ಮನೆಗಳಲ್ಲಿ ಅರಿಶಿನದ್ದೇ ದೊಡ್ಡ ಕೆಲಸ. ಒಗ್ಗರಣೆ ಜಿಡ್ಡು ಬಿಸಿ ಸೋಪಿನ ನೀರಿಗೆ ಹೋಗುತ್ತೆ, ಅಡುಗೆಮನೆಯ ಬಿಳಿ ಕಟ್ಟೆ ಮೇಲಿನ ಹಳದಿ ಹೋಗಲ್ಲ. ಹೋದ ಜುಲೈನಲ್ಲಿ ಒಂದು ಮನೇಲಿ ಕಿಟಕಿ ಪಕ್ಕದ ಕಟ್ಟೆ ಮೇಲೆ ಅಂಗೈಯಗಲ ಹಳದಿ ಇತ್ತು, ಸೋಡಾ ಪುಡಿ ಪೇಸ್ಟ್ ಹಚ್ಚಿ ತಿಕ್ಕಿದ್ರೂ ಅರ್ಧವೇ ಹೋಗಿದ್ದು. ಏಜೆಂಟ್ ಕಟ್ಟೆನೇ ಬದಲಾಯಿಸೋ ರೇಟ್ ಕೇಳೋಕೆ ಶುರು ಮಾಡಿದ್ರು. ನಾನು ನಾಲ್ಕು ದಿನ ಟೈಮ್ ಕೊಡಿ ಅಂದೆ, ಪರದೆ ಪೂರ್ತಿ ಮೇಲಕ್ಕೆ ಎತ್ತಿ ಬಂದೆ, ಯಾಕಂದ್ರೆ ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲಲ್ಲ, ಅಮ್ಮ ಅರಿಶಿನ ತಾಗಿದ ಬಿಳಿ ಪಂಚೆನ ಒಗೆದು ಬಿಸಿಲಿಗೇ ಹಾಕ್ತಿದ್ದಿದ್ದು. ಐದನೇ ದಿನ ಹೋಗಿ ನೋಡಿದ್ರೆ ಕಟ್ಟೆ ಮೇಲೆ ಏನೂ ಇಲ್ಲ, ಮೂಲೆಯ ಸಂದಿ ಮುಚ್ಚೋಕೆ ಹಾಕಿರೋ ಸಿಲಿಕೋನ್ ಪಟ್ಟಿಯಲ್ಲಿ ಮಾತ್ರ ಒಂದು ಗೆರೆ ಉಳಿದಿತ್ತು, ಅದನ್ನ ಬ್ಲೇಡಲ್ಲಿ ಕುಯ್ದು ತೆಗೆದು ಹೊಸದಾಗಿ ಹಾಕಿದೆ. ಬಾಡಿಗೆ ಇದ್ದ ಹುಡುಗರಿಗೆ ಅವರ ಡಿಪಾಸಿಟ್ ಪೂರ್ತಿ ವಾಪಸ್ ಹೋಯ್ತು.